ಕೋಡಿಯಿಲ್ಲದ ಸರೋವರ, ಲೆಕ್ಕಕ್ಕಿಲ್ಲದ ನಿವಾಸಿ

ಗ್ವಾಟೆಮಾಲದ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿ ಅತಿತ್ಲಾನ್ ಸರೋವರವಿದೆ. ಸುಮಾರು 80 ಸಾವಿರ ವರ್ಷಗಳ ಹಿಂದೆ ಮಹಾಜ್ವಾಲಾಮುಖಿಯೊಂದು ಸಿಡಿದು, ಒಡಲು ಬರಿದಾದ ಮೇಲೆ ತನ್ನೊಳಗೇ ಕುಸಿಯಿತು. ಆ ಕುಳಿಯಲ್ಲಿ ನಿಂತ ನೀರು ಇದು. ವಿಸ್ತಾರ 130 ಚದರ ಕಿಲೋಮೀಟರ್ ಆಸುಪಾಸು, ಆಳ 300 ಮೀಟರಿಗೂ ಮಿಗಿಲು. ಇಡೀ ಮಧ್ಯ ಅಮೆರಿಕದಲ್ಲಿ ಇದಕ್ಕಿಂತ ಆಳದ ಸರೋವರವಿಲ್ಲ. ದಕ್ಷಿಣದ ದಂಡೆಯಲ್ಲಿ ಸಾನ್ ಪೆದ್ರೋ, ತೊಲಿಮಾನ್, ಅತಿತ್ಲಾನ್ ಎಂಬ ಮೂರು ಜ್ವಾಲಾಮುಖಿ ಶಿಖರಗಳು. ಸುತ್ತಲೂ ಮಾಯಾ ಜನರ ಊರುಗಳು. ಯೇಸುವಿನ ಹನ್ನೆರಡು ಶಿಷ್ಯರ ಹೆಸರಿನ ಹನ್ನೆರಡು ಊರುಗಳೆಂದು ಪ್ರವಾಸಿಗರಿಗೆ ಹೇಳುವ ರೂಢಿಯಿದೆ. ಸಾಂತಾ ಕತರೀನ, ಸಾಂತಾ ಕ್ರೂಸ್, ಪನಹಚೆಲ್ ಎಂಬ ಹೆಸರುಗಳನ್ನು ಎದುರಿಗಿಟ್ಟುಕೊಂಡರೆ ಆ ಲೆಕ್ಕ ಕೂಡಿಬರುವುದಿಲ್ಲ. ಸಾನ್ ಪೆದ್ರೋ, ಸಾನ್ ಹುವಾನ್, ಸಾಂತಿಯಾಗೋಗಳ ಮನೆಮಾತು ತ್ಸುತುಹಿಲ್. ಪನಹಚೆಲ್, ಸಾನ್ ಅಂತೋನಿಯೊ ಕಡೆ ಕಕ್‌ಚಿಕೆಲ್. ಅನೇಕರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ. ಈ ಸರೋವರದ ಬಗ್ಗೆ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಇದಕ್ಕೆ ಕೋಡಿಯಿಲ್ಲ. ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹರಿಯುವ ಹೊಳೆ ಒಂದೂ ಇಲ್ಲ. ನೀರು ಆವಿಯಾಗಬೇಕು, ಇಲ್ಲವೇ ತಳದ ಬಿರುಕುಗಳಲ್ಲಿ ಜಿನುಗಿ ಇಳಿಯಬೇಕು.

ಲ್ಯಾಪ್‌ಟಾಪ್ ಹಿಡಿದು ಬಂದು, ಬೇರೆ ದೇಶದ ಕಂಪನಿಗೆ ಕೆಲಸ ಮಾಡುತ್ತ ತಿಂಗಳುಗಟ್ಟಲೆ ನೆಲೆಸುವವರು ಈ ದಂಡೆಯ ಊರುಗಳಲ್ಲಿ ಈಗ ಖಾಯಂ ಜನ. ಹೊರಗಿನವರು ಇಲ್ಲಿಗೆ ಬರುವುದು ಹೊಸತಲ್ಲ. 1960ರ ದಶಕದ ಕೊನೆಯಿಂದ ಹಿಪ್ಪಿಗಳು ಬಂದು ಪನಹಚೆಲ್‌ಗೆ ‘ಗ್ರಿಂಗೊತೆನಾಂಗೊ’ ಎಂಬ ಅಡ್ಡಹೆಸರು ತಂದರು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧ 1980ರ ದಶಕದಲ್ಲಿ ಅವರನ್ನೆಲ್ಲ ಚದುರಿಸಿತು. ಶಾಂತಿ ಒಪ್ಪಂದದ ನಂತರ ಜನ ಮತ್ತೆ ಬಂದರು. ಹೊಸತಾಗಿರುವುದು ಬಂದವರು ಇರುವ ರೀತಿ. ಪ್ರವಾಸಿ ಮೂರು ದಿನ ಇದ್ದು ಹೋಗುತ್ತಾನೆ. ಲ್ಯಾಪ್‌ಟಾಪಿನವನು ಮನೆ ಬಾಡಿಗೆ ಹಿಡಿಯುತ್ತಾನೆ, ಸಂತೆಯಲ್ಲಿ ತರಕಾರಿ ಕೊಳ್ಳುತ್ತಾನೆ, ಬಟ್ಟೆ ಒಗೆಸುತ್ತಾನೆ. ಕಾರಣಗಳೂ ಸರಳ. ಗ್ವಾಟೆಮಾಲದ ಗಡಿಯಾರ ವರ್ಷವಿಡೀ ಒಂದೇ ತೆರ. ಶಿಕಾಗೊ, ಡಲ್ಲಾಸ್ ಕಚೇರಿಗಳಿಗೂ ಇಲ್ಲಿಗೂ ಚಳಿಗಾಲದಲ್ಲಿ ವ್ಯತ್ಯಾಸವೇ ಇಲ್ಲ, ಬೇಸಿಗೆಯಲ್ಲಿ ಒಂದು ಗಂಟೆ. (ಬೆಂಗಳೂರಿನ ಕಂಪನಿಗೆ ಇಲ್ಲಿಂದ ದುಡಿಯುತ್ತೇನೆ ಎನ್ನುವವರಿಗೆ ಕಷ್ಟ. ನಮ್ಮ ಬೆಳಗಿನ ಒಂಬತ್ತೆಂದರೆ ಅಲ್ಲಿ ಹಿಂದಿನ ರಾತ್ರಿಯ ಒಂಬತ್ತೂವರೆ.) ಹವೆ ಹಿತ. ಗುಡ್ಡದ ಮರೆಯ ಮನೆಗೂ 2023ರಿಂದ ಸ್ಟಾರ್‌ಲಿಂಕ್ ಉಪಗ್ರಹದ ಇಂಟರ್ನೆಟ್ ಸಿಗುತ್ತದೆ. ಊರಿಂದ ಊರಿಗೆ ‘ಲಾಂಚಾ’ ಎಂಬ ಮೋಟಾರು ದೋಣಿ, ಊರೊಳಗೆ ಓಡಾಡಲು ಟುಕ್‌ಟುಕ್. ಆ ಟುಕ್‌ಟುಕ್ ಬೇರೇನಲ್ಲ, ನಮ್ಮ ಪುಣೆಯ ಬಜಾಜ್ ಆಟೊವೇ. ಮಧ್ಯಾಹ್ನ ಶೊಕೊಮಿಲ್ ಎಂಬ ಗಾಳಿ ಎದ್ದು ದೋಣಿಗಳು ಎಗರಾಡುತ್ತವೆ, ಆಗೀಗ ಕರೆಂಟು ಹೋಗುತ್ತದೆ. ಅಷ್ಟಕ್ಕೆ ಯಾರೂ ಊರು ಬಿಟ್ಟು ಹೋಗಿಲ್ಲ. ಎಲ್ಲಕ್ಕಿಂತ ಮೇಲಾಗಿ ಇಲ್ಲಿ ಬದುಕು ಅಗ್ಗ.

ಆ ಅಗ್ಗದ ಬೆಲೆ ಎಲ್ಲಿಂದ ಬಂತು ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. 2024ರಲ್ಲಿ ರಾಜಧಾನಿಯ ಹೊರಗಿನ ಜಿಲ್ಲೆಗಳಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 500 ಡಾಲರ್ ಮುಟ್ಟುತ್ತಿರಲಿಲ್ಲ. ದುಡಿಯುವ ಹತ್ತರಲ್ಲಿ ಏಳು ಮಂದಿ ಅಸಂಘಟಿತ ವಲಯದವರಾದ್ದರಿಂದ ಅದೂ ಎಲ್ಲರ ಕೈಗೆ ಬರುವುದಿಲ್ಲ. ಅಡುಗೆಯವಳ ಕೂಲಿ, ದೋಣಿಯವನ ಕೂಲಿ, ಮನೆ ಕಟ್ಟಿದ ಗಾರೆಯವನ ಕೂಲಿ ಕಡಿಮೆಯಿರುವುದರಿಂದ ಊಟ, ಓಡಾಟ, ಬಾಡಿಗೆ ಕಡಿಮೆ. ಇದು ಅಗ್ಗದ ಒಂದು ಭಾಗ. ಇನ್ನೊಂದು ಭಾಗ ಕಣ್ಣಿಗೆ ಬೀಳುವುದಿಲ್ಲ. ಕೊಳಚೆ ನೀರನ್ನು ಶುದ್ಧಮಾಡುವ ಖರ್ಚನ್ನು ಇಲ್ಲಿ ಯಾರೂ ಪೂರ್ತಿಯಾಗಿ ಕೊಡುತ್ತಿಲ್ಲ, ಸರೋವರವೇ ಅದನ್ನು ನುಂಗಿಕೊಳ್ಳುತ್ತಿದೆ. ದೂರದಿಂದ ಕೆಲಸ ಮಾಡುವವನ ಮೇಲೆ ನನ್ನ ತಕರಾರು ಅವನು ಪರದೇಶಿ ಎಂದಲ್ಲ, ಹಣವಂತ ಎಂದೂ ಅಲ್ಲ. ಅವನು ನಿವಾಸಿಯಂತೆ ಬಳಸುತ್ತಾನೆ, ಪ್ರವಾಸಿಯಂತೆ ಲೆಕ್ಕವಾಗುತ್ತಾನೆ. ಕೋಡಿಯಿರುವ ಕೆರೆಯಾದರೆ ಈ ಅಂತರ ಹೇಗೋ ಹರಿದು ಹೋದೀತು. ಅತಿತ್ಲಾನ್‌ನಲ್ಲಿ ಅದು ತಳ ಸೇರುತ್ತದೆ.

ಹಾಗೆ ಸೇರಿದ್ದು ಏನು ಮಾಡುತ್ತದೆ ಎಂಬುದನ್ನು 2009ರ ಕೊನೆಯ ತಿಂಗಳುಗಳು ತೋರಿಸಿಕೊಟ್ಟವು. ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾ ಅಕ್ಟೋಬರ್‌ನಲ್ಲಿ ಹಬ್ಬತೊಡಗಿ, ನೀರಿನ ಮೇಲ್ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮುಚ್ಚಿತು. ಉಪಗ್ರಹದ ಚಿತ್ರಗಳಲ್ಲೂ ಅದರ ಪಟ್ಟೆಗಳು ಕಂಡವು. ಇದರ ಹಿಂದಿನ ರಸಾಯನಶಾಸ್ತ್ರ ಕಠಿಣವೇನಲ್ಲ. ಪಾಚಿಗೆ ಸಾರಜನಕ ಮತ್ತು ರಂಜಕ ಬೇಕು. ಈ ಬಗೆಯ ಜೀವಿಗಳಲ್ಲಿ ಕೆಲವು ಸಾರಜನಕವನ್ನು ಗಾಳಿಯಿಂದಲೇ ಹಿಡಿದುಕೊಳ್ಳಬಲ್ಲವು, ಹಾಗಾಗಿ ಅವುಗಳ ಕಡಿವಾಣವಿರುವುದು ರಂಜಕದ ಕೈಯಲ್ಲಿ. ರಂಜಕ ಬರುವುದು ಮನುಷ್ಯರ ಮಲಮೂತ್ರದಿಂದ, ಸಾಬೂನು ಪುಡಿಯಿಂದ, ಇಳಿಜಾರಿನ ಮೆಕ್ಕೆಜೋಳ-ಈರುಳ್ಳಿ ಹೊಲಗಳ ಗೊಬ್ಬರದಿಂದ, ಮಳೆಗೆ ಕೊಚ್ಚಿ ಬರುವ ಜ್ವಾಲಾಮುಖಿ ಮಣ್ಣಿನಿಂದ. ಹರಿಯುವ ನೀರಾದರೆ ಅದರಲ್ಲಿ ಒಂದಷ್ಟು ಪಾಲು ಪ್ರತಿ ಮಳೆಗಾಲ ಮುಂದಕ್ಕೆ ಸಾಗುತ್ತದೆ. ಇಲ್ಲಿ ಮುಂದೆ ಎಂಬುದೇ ಇಲ್ಲ. ಆಳಕ್ಕೆ ಇಳಿದದ್ದು ಚಳಿಗಾಲದಲ್ಲಿ ಮೇಲಿನ ನೀರು ತಣಿದು ಕೆಳಗಿನದರೊಡನೆ ಬೆರೆತಾಗ ಮತ್ತೆ ಮೇಲಕ್ಕೆ ಬರುತ್ತದೆ. 2005ರ ಅಕ್ಟೋಬರ್‌ನ ಸ್ಟಾನ್ ಚಂಡಮಾರುತ ಸಾಂತಿಯಾಗೋ ಪಕ್ಕದ ಪನಬಾಹ್ ಹಳ್ಳಿಯನ್ನು ಕೆಸರಿನಡಿ ಹೂತು ನೂರಾರು ಜೀವ ತೆಗೆದದ್ದಷ್ಟೇ ಅಲ್ಲ, ಬೆಟ್ಟಗಳ ಮಣ್ಣನ್ನು ರಾಶಿರಾಶಿಯಾಗಿ ಸರೋವರಕ್ಕೆ ತಳ್ಳಿತ್ತು. ದಂಡೆಯ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದು ಇದೇ ಸರೋವರದಿಂದ ಪಂಪ್ ಮಾಡಿ ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಜಲಾನಯನ ಪ್ರದೇಶದಲ್ಲಿ ಲಕ್ಷಗಟ್ಟಲೆ ಸ್ಥಳೀಯರಿದ್ದಾರೆ. ಲ್ಯಾಪ್‌ಟಾಪಿನವರು ಅವರ ನಡುವೆ ಚಿಟಿಕೆಯಷ್ಟು. ಕೊಳಚೆಯ ಬಹುಪಾಲು, ಗೊಬ್ಬರದ ಅಷ್ಟೂ ಪಾಲು ಊರಿನವರದೇ. ಹಾಗಿರುವಾಗ ಹೊರಗಿನವನತ್ತ ಬೆರಳು ತೋರಿಸುವುದೇಕೆ? ಒಪ್ಪೋಣ, ಪಾಚಿಯನ್ನು ತಂದವನು ಅವನಲ್ಲ. ಆದರೆ ಪ್ರಶ್ನೆ ಯಾರು ಎಷ್ಟು ಕೊಳಕು ಮಾಡಿದರು ಎಂಬುದರ ಜೊತೆಗೆ ಯಾರು ಎಷ್ಟು ಕೊಡಬಲ್ಲರು ಎಂಬುದೂ ಹೌದು. ಸಂಸ್ಕರಣಾ ಘಟಕವನ್ನು ಕಟ್ಟುವುದಕ್ಕೆ ವಿದೇಶಿ ನೆರವು ಸಿಗುತ್ತದೆ. ಅದನ್ನು ದಿನವೂ ನಡೆಸುವ ಕರೆಂಟು, ನೌಕರ, ದುರಸ್ತಿಯ ಖರ್ಚು ಪುರಸಭೆಯ ತಲೆಯ ಮೇಲೆ. ಜೋಳ ಬೆಳೆಯುವ ಮನೆಯಿಂದ ಅದನ್ನು ವಸೂಲಿ ಮಾಡುವುದು ಕಷ್ಟ. ತಿಂಗಳಿಗೆ ಎರಡು-ಮೂರು ಸಾವಿರ ಡಾಲರ್ ಬರುವವನಿಂದ ವಸೂಲಿ ಮಾಡುವುದು ಕಷ್ಟವಲ್ಲ, ಆದರೆ ಯಾರೂ ಕೇಳುತ್ತಿಲ್ಲ. ಅವನು ಬೇರೆಯ ಪ್ರಮಾಣದಲ್ಲಿ ಬಳಸುತ್ತಾನೆ ಎಂಬುದನ್ನೂ ಮರೆಯಬಾರದು. ಬಿಸಿನೀರಿನ ಸ್ನಾನ, ಫ್ಲಶ್ ಇರುವ ಶೌಚಾಲಯ, ವಾಷಿಂಗ್ ಮಷೀನ್ ಇಲ್ಲದ ಮನೆ ಅವನಿಗೆ ಬೇಡ. ಅವನಿಗಾಗಿಯೇ ಅಂಥ ಮನೆಗಳು ದಂಡೆಯಲ್ಲಿ ಏಳುತ್ತವೆ.

ಹೊರಗಿನವರ ಹಿತಕ್ಕೆಂದು ಸರೋವರವನ್ನು ಬದಲಿಸಿದ ಹಳೆಯ ಕತೆಯೊಂದು ಇಲ್ಲಿದೆ, ಅದನ್ನು ಈ ಚರ್ಚೆಯಲ್ಲಿ ಬಿಡುವಂತಿಲ್ಲ. 1958ರಲ್ಲಿ, ಗಾಳ ಹಾಕಿ ಮೀನು ಹಿಡಿಯುವ ಖಯಾಲಿಯ ಪ್ರವಾಸಿಗರನ್ನು ಸೆಳೆಯಲು ಪ್ಯಾನ್ ಅಮೆರಿಕನ್ ವಿಮಾನ ಕಂಪನಿಯ ಆಸಕ್ತಿಯ ಮೇರೆಗೆ ಉತ್ತರ ಅಮೆರಿಕದ ಬ್ಯಾಸ್ ಮೀನನ್ನು ಇಲ್ಲಿ ಬಿಟ್ಟರು. ಬ್ಯಾಸ್ ಬೇಟೆಗಾರ ಮೀನು. ಅದು ಇಲ್ಲಿನ ಸಣ್ಣ ಮೀನು-ಏಡಿಗಳನ್ನು ತಿಂದು ಬೆಳೆಯಿತು. ಅವನ್ನು ನಂಬಿದ್ದ ಬೆಸ್ತರ ಬುಟ್ಟಿ ಬರಿದಾಯಿತು. ಜಗತ್ತಿನಲ್ಲಿ ಇಲ್ಲಿ ಮಾತ್ರ ಇದ್ದ, ಹಾರಲಾರದ, ‘ಪೋಕ್’ ಎಂದು ಜನ ಕರೆಯುತ್ತಿದ್ದ ಗುಳುಮುಳುಕ ಜಾತಿಯ ಹಕ್ಕಿಯೂ ಕುಗ್ಗಿತು. ಆ ಹಕ್ಕಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಆನ್ ಲಾಬಸ್ಟೀಲ್ ಎಂಬ ವಿಜ್ಞಾನಿಯ ಪ್ರಯತ್ನದಿಂದ ಒಮ್ಮೆ ಚೇತರಿಸಿಕೊಂಡರೂ 1980ರ ದಶಕ ಮುಗಿಯುವ ಹೊತ್ತಿಗೆ ಅದು ಇಲ್ಲವಾಯಿತು. ಬ್ಯಾಸ್ ಒಂದೇ ಕಾರಣವಲ್ಲ. 1976ರ ಫೆಬ್ರುವರಿ ಭೂಕಂಪದ ಬಳಿಕ ಸರೋವರದ ಮಟ್ಟ ಇಳಿದು ಗೂಡಿನ ಜೊಂಡು ಒಣಗಿತು. ದಂಡೆಯಲ್ಲಿ ಎದ್ದ ಬೇಸಿಗೆಮನೆಗಳಿಗೂ ಜೊಂಡು ಬಲಿಯಾಯಿತು. ಮೀನು ಬಿಡಿಸಿದವರಿಗೆ ಸರೋವರದ ಮೇಲೆ ದ್ವೇಷವೇನೂ ಇರಲಿಲ್ಲ. ಅದರ ಪರಿಣಾಮದೊಡನೆ ಬದುಕಬೇಕಾದ ಅಗತ್ಯ ಅವರಿಗಿರಲಿಲ್ಲ, ಅಷ್ಟೆ.

ಇನ್ನು ನೆಲ. ಗ್ವಾಟೆಮಾಲ ಸಂವಿಧಾನದ 122ನೇ ವಿಧಿ ಸರೋವರಗಳ ದಂಡೆಯ ಸುತ್ತ 200 ಮೀಟರ್ ಪಟ್ಟಿಯನ್ನು ರಾಷ್ಟ್ರದ ಮೀಸಲು ಎಂದು ಘೋಷಿಸುತ್ತದೆ. ಆದರೆ ಪಟ್ಟಣ ಪ್ರದೇಶಕ್ಕೂ, 1956ರ ಮಾರ್ಚ್‌ಗೆ ಮೊದಲೇ ನೋಂದಣಿಯಾದ ಜಮೀನಿಗೂ ವಿನಾಯಿತಿಯಿದೆ. ಉಳಿದದ್ದನ್ನು ಗುತ್ತಿಗೆಗೆ ಕೊಡುವ ಸರ್ಕಾರಿ ಕಚೇರಿಯಿದೆ. ಹಾಗಾಗಿ ಸಂವಿಧಾನದ ಬೇಲಿಯ ನಡುವೆಯೂ ದಂಡೆಯ ತುಂಡುಗಳು ಕೈ ಬದಲಿಸಿವೆ. ಅದರ ಫಲ ಎಲ್ಲ ಊರಿನಲ್ಲೂ ಒಂದೇ ಆಗಿಲ್ಲ. ಸಾನ್ ಪೆದ್ರೋದಲ್ಲಿ ಸ್ಪ್ಯಾನಿಷ್ ಕಲಿಸುವ ಶಾಲೆಗಳನ್ನು, ವಸತಿಗೃಹಗಳನ್ನು ನಡೆಸುವ ತ್ಸುತುಹಿಲ್ ಕುಟುಂಬಗಳು ಸಾಕಷ್ಟಿವೆ. ಪಕ್ಕದ ಸಾನ್ ಹುವಾನ್‌ನಲ್ಲಿ ಗಿಡಮೂಲಿಕೆಯ ಬಣ್ಣದ ನೂಲಿನಿಂದ ನೇಯುವ ಹೆಂಗಸರ ಸಹಕಾರ ಸಂಘಗಳು, ಕಾಫಿ ಬೆಳೆಗಾರರ ಸಂಘ ಊರಿನ ವ್ಯವಹಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿವೆ. ಯೋಗ, ಧ್ಯಾನ ಕೇಂದ್ರಗಳಿಗೆ ಹೆಸರಾದ ಸಾನ್ ಮಾರ್ಕೋಸ್‌ನ ದಂಡೆಯಲ್ಲಿ ಹೊರಗಿನವರ ಹಿಡಿತ ಎದ್ದು ಕಾಣುತ್ತದೆ. ಸ್ವಾರಸ್ಯವೆಂದರೆ ದಂಡೆಗೆ ಅಂಟಿದ ಮನೆಯನ್ನು ಊರಿನ ಹಿರಿಯರು ಎಂದೂ ಬಯಸಿದವರಲ್ಲ. ಮನೆ ಗುಡ್ಡದ ಮೇಲೆ, ದಂಡೆಯಲ್ಲಿ ಈರುಳ್ಳಿ ಪಾತಿ ಎಂಬುದು ಹಳೆಯ ಕ್ರಮ. ಕೋಡಿಯಿಲ್ಲದ ಸರೋವರ ಏರಿಳಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ನೀರು ಏರಿದರೆ ಒಂದು ಬೆಳೆ ಹೋದೀತು, ಮನೆ ಉಳಿದೀತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹಾಗೆ ಏರಿದ ನೀರಿನಲ್ಲಿ ಮುಳುಗಿದ ಸಮಾಬಾಹ್ ಎಂಬ ಜನವಸತಿಯ ಅವಶೇಷ ಇವತ್ತಿಗೂ ತಳದಲ್ಲಿದೆ. 2010ರಲ್ಲಿ ಅಗಾಥಾ ಚಂಡಮಾರುತದ ಮಳೆಯ ನಂತರ ನೀರು ಮತ್ತೆ ಏರಿ, ಮಟ್ಟ ಇಳಿದಿದ್ದ ಕಾಲದಲ್ಲಿ ಕಟ್ಟಿದ ಹೋಟೆಲು, ಮನೆ, ದೋಣಿಕಟ್ಟೆಗಳನ್ನು ಮುಳುಗಿಸಿತು. ನಷ್ಟ ಅನುಭವಿಸಿದವರಲ್ಲಿ ಹೊರಗಿನವರಿಗೆ ಬಾಡಿಗೆ ಕೊಡಲೆಂದು ಸಾಲ ಮಾಡಿ ಕಟ್ಟಿದ ಸ್ಥಳೀಯರೂ ಇದ್ದರು.

ಬಾಡಿಗೆ, ಜಮೀನಿನ ಬೆಲೆ ಏರಿದ್ದಕ್ಕೆ ಲ್ಯಾಪ್‌ಟಾಪಿನವರೊಬ್ಬರನ್ನೇ ಹೊಣೆ ಮಾಡುವುದೂ ತಪ್ಪು. ಗ್ವಾಟೆಮಾಲದ ಜನ ಅಮೆರಿಕಕ್ಕೆ ದುಡಿಯಲು ಹೋಗಿ ಮನೆಗೆ ಕಳಿಸುವ ಹಣ 2023ರಲ್ಲಿ 1,900 ಕೋಟಿ ಡಾಲರ್ ದಾಟಿತು. ಅದು ಹತ್ತಿರಹತ್ತಿರ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲು. ಬೆಟ್ಟಸೀಮೆಯ ಊರುಗಳಲ್ಲಿ ಏಳುತ್ತಿರುವ ಮೂರು ಅಂತಸ್ತಿನ ಸಿಮೆಂಟ್ ಮನೆಗಳಲ್ಲಿ ಈ ಹಣದ ಪಾಲು ದೊಡ್ಡದು; ಅದೂ ಸೈಟಿನ ಬೆಲೆ ಏರಿಸುತ್ತದೆ. ಎರಡೂ ಡಾಲರೇ. ಆದರೆ ಒಂದು ಡಾಲರಿನ ಹಿಂದಿರುವವನು ಗಡಿ ದಾಟಲು ಪ್ರಾಣವನ್ನೇ ಪಣಕ್ಕಿಟ್ಟಿರುತ್ತಾನೆ, ವೀಸಾ ಅವನ ಕನಸಿಗೂ ಬಾರದ ವಸ್ತು. ಇನ್ನೊಂದರ ಹಿಂದಿರುವವನಿಗೆ ವಿಮಾನ ನಿಲ್ದಾಣದಲ್ಲಿ 90 ದಿನದ ಮುದ್ರೆ ಕೇಳುವ ಮೊದಲೇ ಬೀಳುತ್ತದೆ. ಮೊದಲನೆಯವನ ಹಣ ಊರಿನಲ್ಲಿ ಬೇರು ಬಿಡುತ್ತದೆ. ಅವನ ಅಮ್ಮ ಅದೇ ನೀರು ಕುಡಿಯುತ್ತಾಳೆ, ಅವನ ತಮ್ಮ ಪುರಸಭೆಗೆ ಮತ ಹಾಕುತ್ತಾನೆ. ಎರಡನೆಯವನ ಹಣ ಅವನ ಜೊತೆಗೇ ಎದ್ದು ಹೋಗಬಲ್ಲದು. 2020ರ ಕೊರೊನಾ ತಿಂಗಳುಗಳಲ್ಲಿ ಗ್ವಾಟೆಮಾಲ ಗಡಿ ಮುಚ್ಚಿದಾಗ ಪ್ರವಾಸವನ್ನು ನೆಚ್ಚಿದ ಊರುಗಳೆಲ್ಲ ಇದನ್ನು ಅನುಭವಿಸಿದವು.

ಆ 90 ದಿನದ ಮುದ್ರೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವ ಈ ನಾಲ್ಕು ದೇಶಗಳ ಒಪ್ಪಂದದಂತೆ ನಾಲ್ಕಕ್ಕೂ ಸೇರಿ ಪ್ರವಾಸಿಗೆ 90 ದಿನ. ಅರ್ಜಿ ಹಾಕಿ ಒಮ್ಮೆ ವಿಸ್ತರಿಸಿಕೊಳ್ಳಬಹುದು, ಇಲ್ಲವೇ ಮೆಕ್ಸಿಕೊ ಕಡೆಗೆ ಹೋಗಿ ಬಂದು ಹೊಸ ಮುದ್ರೆ ಹಾಕಿಸಿಕೊಳ್ಳುವವರಿದ್ದಾರೆ. ಹೀಗೆ ವರ್ಷಗಟ್ಟಲೆ ಇರುವವರೂ ಕಾಗದದ ಮೇಲೆ ಪ್ರವಾಸಿಗಳೇ. ಆದಾಯ ತೆರಿಗೆ ಗ್ವಾಟೆಮಾಲದೊಳಗೆ ಹುಟ್ಟಿದ ಆದಾಯಕ್ಕೆ ಎಂಬುದು ಅಲ್ಲಿನ ತತ್ವ. ಕ್ಯಾಲಿಫೋರ್ನಿಯಾದ ಕಂಪನಿ ಅಲ್ಲಿನ ಬ್ಯಾಂಕ್ ಖಾತೆಗೇ ಹಾಕುವ ಸಂಬಳವನ್ನು ಸಾನ್ ಪೆದ್ರೋದಲ್ಲಿ ಕೂತು ಗಳಿಸಿದರೆ ಅದು ಯಾವ ದೇಶದ ಆದಾಯ ಎಂದು ವಿಚಾರಿಸುವವರು ಯಾರೂ ಇಲ್ಲ. ಅವನು ಶೇಕಡಾ 12 ಮೌಲ್ಯವರ್ಧಿತ ತೆರಿಗೆ ಕೊಡುತ್ತಾನಲ್ಲ ಎನ್ನಬಹುದು. ಸಂತೆಯ ಬೀದಿಯಲ್ಲಿ, ಟುಕ್‌ಟುಕ್‌ನಲ್ಲಿ, ರಸೀದಿಯಿಲ್ಲದ ಬಾಡಿಗೆಯಲ್ಲಿ ಆ ತೆರಿಗೆ ಎಲ್ಲಿದೆ? ಇದ್ದರೂ ಅದು ಹೋಗುವುದು ಕೇಂದ್ರದ ಬೊಕ್ಕಸಕ್ಕೆ. ಅಲ್ಲಿಂದ ಪುರಸಭೆಗಳಿಗೆ ಹಂಚಿಕೆಯಾಗುವಾಗ ಜನಸಂಖ್ಯೆಯೂ ಒಂದು ಅಳತೆಗೋಲು. ಪ್ರವಾಸಿ ಮುದ್ರೆಯವರು ಆ ತಲೆಯೆಣಿಕೆಯೊಳಗೆ ಬರುವುದು ಅಪರೂಪ. ಪುರಸಭೆಯ ಕೈಗೆ ಸಿಗುವ ಆಸ್ತಿ ತೆರಿಗೆಯ ಗರಿಷ್ಠ ದರ ಸಾವಿರಕ್ಕೆ 9. ಒಟ್ಟಿನಲ್ಲಿ ನೀರು ಬಳಸುವವನು ಒಬ್ಬ ಹೆಚ್ಚುತ್ತಾನೆ, ನೀರಿನ ಬಜೆಟ್ಟಿಗೆ ಏನೂ ಹೆಚ್ಚುವುದಿಲ್ಲ. ಇಂಥವರಿಗೆಂದೇ ಪ್ರತ್ಯೇಕ ವೀಸಾ ತಂದರೆ ಸರಿಹೋದೀತೇ? ಕೋಸ್ಟರಿಕ 2021ರಲ್ಲಿ ಅಂಥ ಕಾನೂನು ಮಾಡಿತು. ತಿಂಗಳಿಗೆ 3,000 ಡಾಲರ್ ಆದಾಯ, ಆರೋಗ್ಯ ವಿಮೆ ತೋರಿಸಿದವರಿಗೆ ಒಂದು ವರ್ಷದ ವಾಸ. ಜೊತೆಗೆ ಅವರ ವಿದೇಶಿ ಆದಾಯಕ್ಕೆ ತೆರಿಗೆ ಮಾಫಿ. ಕೊಡಬಲ್ಲವರನ್ನು ಆರಿಸಿ ಆರಿಸಿ ಕರೆದು, ಕೊಡಬೇಡಿ ಎಂದಂತಾಯಿತು. ಆ ದಾರಿ ಅತಿತ್ಲಾನ್‌ಗೆ ಬೇಡ.

ಕನ್ನಡದ ಓದುಗರಿಂದ ಬರಬಹುದಾದ ಒಂದು ಮಾತು ಇದೆ. ಡಾಲರ್ ಗಳಿಕೆ, ರೂಪಾಯಿ ಖರ್ಚು ಎಂಬ ಸೂತ್ರದ ಮೇಲೆಯೇ ಬೆಂಗಳೂರು ಬೆಳೆದದ್ದು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಅತಿತ್ಲಾನ್‌ನವರಿಗೆ ಬುದ್ಧಿ ಹೇಳಬಹುದೇ? ಸೂತ್ರ ಒಂದೇ ಎಂಬುದು ನಿಜ. ಆದರೆ ಬೆಂಗಳೂರಿನ ಕಂಪನಿ ಇಲ್ಲಿ ನೋಂದಣಿಯಾಗಿದೆ, ಅದರ ನೌಕರನ ಸಂಬಳದಲ್ಲಿ ತೆರಿಗೆ ಮೊದಲೇ ಮುರಿದುಹೋಗುತ್ತದೆ, ಅವನಿಗೆ ಇಲ್ಲಿ ಮತವಿದೆ. ಇಷ್ಟೆಲ್ಲ ಇದ್ದೂ ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಗುಳಿತು, ಆಮೇಲೆ ಬೆಂಕಿಯನ್ನೂ ಕಂಡಿತು. ಹಣ ಬಂದರೆ ನೀರು ತಾನಾಗಿ ಶುದ್ಧವಾಗುತ್ತದೆ ಎನ್ನುವವರಿಗೆ ಅದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ. ಬೆಳ್ಳಂದೂರಿಗೆ ಕೋಡಿಯಿತ್ತು, ನಾವು ನಮ್ಮ ಕೊಳಕನ್ನು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ತಮಿಳುನಾಡಿಗೆ ದಾಟಿಸಿದೆವು. ಅತಿತ್ಲಾನ್‌ನವರಿಗೆ ಹಾಗೆ ದಾಟಿಸಲು ಕೆಳಗೊಂದು ಊರಿಲ್ಲ.

ಕೆಳಗಿನ ಊರನ್ನು ಹುಡುಕುವ ಪ್ರಯತ್ನವೂ ನಡೆದದ್ದುಂಟು. ದಂಡೆಯ ಊರುಗಳ ಕೊಳಚೆಯನ್ನೆಲ್ಲ ಒಂದು ಭಾರಿ ಕೊಳವೆಯಲ್ಲಿ ಹಿಡಿದು ಜಲಾನಯನದ ಹೊರಗೆ ಒಯ್ದು, ಕೃಷಿಗೂ ವಿದ್ಯುತ್ತಿಗೂ ಬಳಸುವ ‘ಮೆಗಾಕಲೆಕ್ಟರ್’ ಯೋಜನೆಯನ್ನು ಸರೋವರದ ಉಳಿವಿಗಾಗಿ ದುಡಿಯುವ ಸಂಸ್ಥೆಯೊಂದು ಮುಂದಿಟ್ಟಿತು. ತಾಂತ್ರಿಕವಾಗಿ ಅದರಲ್ಲಿ ಅರ್ಥವಿದೆ, ಏಕೆಂದರೆ ರಂಜಕ ಹೊರಗೆ ಹೋಗುತ್ತದೆ. ಆದರೆ ಅನೇಕ ಮಾಯಾ ಸಮುದಾಯಗಳು ಅದನ್ನು ವಿರೋಧಿಸಿದವು. ನಮ್ಮನ್ನು ಕೇಳದೆ ನಮ್ಮ ನೀರನ್ನು ಕೆಳಗಿನ ದೊಡ್ಡ ತೋಟಗಳಿಗೆ ಹರಿಸುವ ಹುನ್ನಾರ ಇದು ಎಂಬುದು ಅವರ ಅನುಮಾನ. ಹಳೆಯ ಅನುಭವಗಳಿರುವ ಜನರಿಗೆ ಆ ಅನುಮಾನ ಸಹಜ. 1990ರ ಡಿಸೆಂಬರ್ 2ರಂದು ಸಾಂತಿಯಾಗೋದಲ್ಲಿ ಸೈನ್ಯ ನಿರಾಯುಧ ಗುಂಪಿನ ಮೇಲೆ ಗುಂಡು ಹಾರಿಸಿ ಹದಿಮೂರು ಮಂದಿಯನ್ನು ಕೊಂದಾಗ, ಊರಿಗೆ ಊರೇ ಸಹಿ ಹಾಕಿ ಸೈನಿಕ ಠಾಣೆಯನ್ನು ಹೊರಗೆ ಹಾಕಿಸಿತ್ತು. ತಮ್ಮ ಊರಿನ ತೀರ್ಮಾನ ತಮ್ಮದು ಎಂಬ ಛಲ ಅಲ್ಲಿ ಮಾತಿನಲ್ಲಷ್ಟೇ ಇಲ್ಲ.

ಪರಿಹಾರವೂ ಆ ಛಲದಿಂದಲೇ ಬರಬೇಕು ಎಂಬುದು ನನ್ನ ಅಭಿಪ್ರಾಯ. 2016ರಲ್ಲಿ ಸಾನ್ ಪೆದ್ರೋ ಪುರಸಭೆ ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮಾಕೋಲ್ ತಟ್ಟೆಗಳನ್ನು ನಿಷೇಧಿಸಿತು. ರಾಜಧಾನಿ ಹೇಳುವವರೆಗೆ ಕಾಯಲಿಲ್ಲ. ನಿಯಮ ಊರಿನವರಿಗೂ ಹೊರಗಿನವರಿಗೂ ಒಂದೇ ಆಗಿತ್ತು. ಅದೇ ಬಲವನ್ನು ಬಾಡಿಗೆ ಮನೆಗಳತ್ತ ತಿರುಗಿಸಬಹುದು. ತಿಂಗಳಿಗೆ ಮೀರಿ ವಿದೇಶಿಯರಿಗೆ ಬಾಡಿಗೆ ಕೊಡುವ ಮನೆ ಪುರಸಭೆಯಲ್ಲಿ ನೋಂದಣಿಯಾಗಬೇಕು, ಅದಕ್ಕೆ ಸರಿಯಾದ ಶೌಚಗುಂಡಿಯೋ ಒಳಚರಂಡಿ ಸಂಪರ್ಕವೋ ಇರಬೇಕು, ಬಾಡಿಗೆಯ ಒಂದು ಸಣ್ಣ ಪಾಲು ಕೊಳಚೆ ಸಂಸ್ಕರಣೆಗೆಂದೇ ಸಲ್ಲಬೇಕು. ಹಾಗೆ ಮಾಡಿದರೆ ಜನ ಪಕ್ಕದ ಊರಿಗೆ ಹೋದಾರು ಎಂಬ ಭಯ ಉಂಟು. ಹೋಗಲಿ, ಪಕ್ಕದ ಊರೂ ಅದೇ ನೀರಿನ ದಂಡೆಯಲ್ಲಿದೆ, 1996ರ ಕಾನೂನಿನಡಿ ಇಡೀ ಜಲಾನಯನಕ್ಕೆಂದು ರಚನೆಯಾದ ಸರ್ಕಾರಿ ಪ್ರಾಧಿಕಾರ ಎಲ್ಲ ಊರುಗಳಿಗೂ ಒಂದೇ ದರ ಗೊತ್ತುಮಾಡಲು ಮುಂದಾಗಬಹುದು. ಕೂಡಿಬಂದ ಹಣ ಬೇರೆ ಕಡೆ ಸೋರಿದರೆ ಎಂಬ ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಅದಕ್ಕೇ ಶುಲ್ಕಕ್ಕಿಂತ ಮೊದಲು ಗುಂಡಿಯ ತಪಾಸಣೆ ಬರಲಿ ಎನ್ನುತ್ತೇನೆ. ಗುಂಡಿ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ.

ಪುರಸಭೆ ಅಷ್ಟು ಮಾಡುವವರೆಗೆ ಉಳಿದದ್ದು ಹೋಗುವವರ ಕೈಯಲ್ಲಿದೆ. ಅಮೆರಿಕದಲ್ಲಿ, ಕೆನಡಾದಲ್ಲಿ ಕೂತು ಮನೆಯಿಂದಲೇ ಕೆಲಸ ಮಾಡುವ ಕನ್ನಡಿಗರೂ ಆ ಸಾಲಿನಲ್ಲಿ ಇರಬಹುದು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಊರಿನವರೇ ಮಾಲೀಕರಾಗಿರುವ ಮನೆ ಹಿಡಿಯಿರಿ, ಅಲ್ಲಿನ ಶಾಲೆಯಲ್ಲಿ ದುಡ್ಡು ಕೊಟ್ಟು ಸ್ಪ್ಯಾನಿಷ್ ಕಲಿಯಿರಿ, ರಂಜಕವಿಲ್ಲದ ಸಾಬೂನು ಪುಡಿ ಬಳಸಿ. ಬಾಡಿಗೆ ಮಾತಾಡುವಾಗ ಇಂಟರ್ನೆಟ್ ವೇಗ ವಿಚಾರಿಸುವ ಮೊದಲು ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಸರಿಬಾರದಿದ್ದರೆ ಆ ಮನೆ ಬಿಟ್ಟು ಬೇರೆ ನೋಡಿ.